ಲಾಕ್‌ಡೌನಿನಲ್ಲಿ ತೊಟ್ಟಿಲು ಯಾಕೆ ಹೆಚ್ಚಲಿಲ್ಲ?

ಪ್ರಶ್ನೆ: 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಸೇರಿದ್ದ ನಮ್ಮೂರ ಹುಡುಗರೆಲ್ಲ ವಾಪಸ್ ಬಂದ್ರು. ಮನೆ ತುಂಬ ಜನ, ಕೈಲಿ ಕೆಲಸ ಇಲ್ಲ. ‘ಮುಂದಿನ ಸಂಕ್ರಾಂತಿಗೆ ತೊಟ್ಟಿಲು ಕಟ್ಟೋಕೆ ಹಗ್ಗ ಸಾಲಲ್ಲ ಬಿಡ್ರೋ’ ಅಂತ ಅರಳಿಕಟ್ಟೇಲಿ ಎಲ್ಲರೂ ನಗಾಡ್ತಿದ್ರು. ಸಂಕ್ರಾಂತಿ ಬಂತು, ಹೋಯ್ತು, ಅಂಥದ್ದೇನೂ ಆಗಲಿಲ್ಲ. ಯಾಕೆ? ಇನ್ನೊಂದು ಸಂಕೋಚದ ಪ್ರಶ್ನೆ. ಆ ಕಾಯಿಲೆ ಗಂಡ ಹೆಂಡಿರು ಸೇರೋದ್ರಿಂದ ಹರಡ್ತಿತ್ತಾ? ಆಗ ಯಾರನ್ನೂ ಕೇಳೋ ಹಾಗಿರಲಿಲ್ಲ. ಮತ್ತೆ ಇಂಥದ್ದು ಬಂದ್ರೆ ನಾವು ಏನು ಮಾಡ್ಬೇಕು?
(ಹೆಸರು ಬೇಡ ಎಂದಿರುವ ಓದುಗರು, ಆಲೂರು ತಾಲ್ಲೂಕು)

ಉತ್ತರ: ಮೊದಲು ಅರಳಿಕಟ್ಟೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಆ ಲೆಕ್ಕ ಹಾಕಿ ಸೋತವರು ನಿಮ್ಮೂರಿನವರು ಮಾತ್ರ ಅಲ್ಲ. 2020ರ ಏಪ್ರಿಲ್ ಹೊತ್ತಿಗೆ ಅಮೆರಿಕ, ಯುರೋಪಿನ ಪತ್ರಿಕೆಗಳಲ್ಲೂ ಇದೇ ತಮಾಷೆ ಓಡಾಡುತ್ತಿತ್ತು. ಆದದ್ದು ಉಲ್ಟಾ. ಒಂಬತ್ತು ತಿಂಗಳು ತುಂಬಿದ ಆ ಡಿಸೆಂಬರ್, ಜನವರಿಯಲ್ಲಿ ಇಟಲಿ, ಸ್ಪೇನ್, ಅಮೆರಿಕಗಳಲ್ಲಿ ಹೆರಿಗೆಗಳು ಕಡಿಮೆಯಾದವು. ನಮ್ಮ ದೇಶದಲ್ಲಿ 2019ರಲ್ಲಿ ನೋಂದಣಿಯಾದ ಜನನ ಸುಮಾರು 2.48 ಕೋಟಿ. 2020ರಲ್ಲಿ ಅದು 2.42 ಕೋಟಿಗೆ ಇಳಿಯಿತು, 2021ರಲ್ಲೂ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಕಚೇರಿ ಮುಚ್ಚಿದ್ದಾಗ ನೋಂದಣಿಯೂ ಹಿಂದೆ ಬಿದ್ದಿರಬಹುದು ಎಂಬ ಮಾತಿದೆ, ಒಪ್ಪಬೇಕಾದದ್ದೇ. ಆದರೆ ಹಗ್ಗ ಸಾಲದಷ್ಟು ತೊಟ್ಟಿಲುಗಳಿದ್ದರೆ ಆ ಲೆಕ್ಕದಲ್ಲಿ ಎಲ್ಲಾದರೂ ಕಾಣಲೇಬೇಕಿತ್ತು. ಕಾಣುವುದಿಲ್ಲ. ನೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. 1918ರ ಇನ್‌ಫ್ಲುಯೆಂಜಾ ಮುಗಿದ ಮರುವರ್ಷ ಭಾರತದಲ್ಲಿ ಜನನ ಪ್ರಮಾಣ ಕುಸಿದಿತ್ತು. ಸಾವು, ಜ್ವರ, ಕೂಲಿಯಿಲ್ಲದ ದಿನ, ಇವೆಲ್ಲ ಮನೆಯೊಳಗೆ ಕಾಲಿಟ್ಟಾಗ ಜನ ಮಕ್ಕಳನ್ನು ಹೆರುವುದು ಕಡಿಮೆ ಮಾಡುತ್ತಾರೆ.

ಇದು ಜಗತ್ತಿನ ಮಾತಾಯಿತು. ನಿಮ್ಮೂರಿನ ಉತ್ತರ ಇನ್ನೂ ಸರಳ, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಊರಲ್ಲಿ ಮೂವತ್ತು ದಾಟಿದ, ಮದುವೆಯಾಗಿ ಮಕ್ಕಳಿರುವ ಹೆಂಗಸರನ್ನು ಮನಸ್ಸಿನಲ್ಲೇ ಒಮ್ಮೆ ಎಣಿಸಿ. ಅವರಲ್ಲಿ ಎಷ್ಟು ಜನಕ್ಕೆ ‘ಆಪರೇಷನ್’ ಆಗಿದೆ? ಕೊರೊನಾ ಬರುವ ಮುಂಚೆ, 2019ರಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದಲ್ಲಿ ಮನೆಮನೆ ಸುತ್ತಿದಾಗ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಅಂದರೆ ಬೆಂಗಳೂರಿಂದ ಗಂಡ ಬಂದ, ಮೂರು ತಿಂಗಳು ಮನೆಯಲ್ಲೇ ಕೂತ ಎಂದಿಟ್ಟುಕೊಂಡರೂ, ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ತೊಟ್ಟಿಲಿನ ಪ್ರಶ್ನೆಯೇ ಇರಲಿಲ್ಲ. ಅದು ಎರಡನೇ ಬಾಣಂತನದಲ್ಲೇ ತೀರ್ಮಾನವಾಗಿ ಹೋಗಿತ್ತು. ಅದೇ ಸಮೀಕ್ಷೆಯಲ್ಲಿ ಆಪರೇಷನ್ ಮಾಡಿಸಿಕೊಂಡ ಗಂಡಸರ ಪ್ರಮಾಣ ಸೊನ್ನೆಗೆ ತೀರ ಹತ್ತಿರ. ಅರಳಿಕಟ್ಟೆಯ ಮೇಲೆ ನಗಾಡುತ್ತಿದ್ದವರ ಪೈಕಿ ಒಬ್ಬರೂ ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ!

ಮತ್ತೆ, ಮನೆ ತುಂಬ ಜನ ಎಂದು ನೀವೇ ಬರೆದಿದ್ದೀರಿ. ಮನೆ ತುಂಬಿದ್ದರೆ ಏಕಾಂತ ಎಲ್ಲಿಂದ ಬರಬೇಕು? ಅಜ್ಜಿ ನಡುಮನೆಯಲ್ಲಿ, ಆನ್‌ಲೈನ್ ಪಾಠದ ಮಕ್ಕಳು ಜಗಲಿಯಲ್ಲಿ, ಊರಿಗೆ ಬಂದ ಮೈದುನ ಅಟ್ಟದಲ್ಲಿ. ಸಕಲೇಶಪುರದ ಕಡೆ ಕಾಫಿ ತೋಟಗಳ ಲೈನ್ ಮನೆಗಳಲ್ಲಂತೂ ಒಂದು ಕೋಣೆ, ಒಂದು ಒಲೆ, ಗೋಡೆಯ ಆಚೆ ಇನ್ನೊಂದು ಸಂಸಾರ. ಬೇರೆ ದಿನಗಳಲ್ಲಿ ಮಕ್ಕಳು ಸ್ಕೂಲಿಗೆ ಹೋದಾಗ, ದೊಡ್ಡವರು ಸಂತೆಗೆ ಹೋದಾಗ ಒಂದು ಗಳಿಗೆ ಸಿಗುತ್ತಿತ್ತು. ಲಾಕ್‌ಡೌನ್ ಅದನ್ನೂ ಕಸಿಯಿತು. ಇದರ ಮೇಲೆ ಸಾಲದ ಕಂತು, ನಿಂತ ಸಂಬಳ, ಬಿತ್ತನೆಗೆ ದುಡ್ಡಿಲ್ಲದ ಚಿಂತೆ, ಜ್ವರ ಬಂದರೆ ಹಾಸನದಲ್ಲಿ ಬೆಡ್ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ. ಇಷ್ಟೆಲ್ಲ ತಲೆಯೊಳಗಿದ್ದವರಿಗೆ ಆಸೆ ಎಲ್ಲಿಂದ ಹುಟ್ಟಬೇಕು? ಅಮೆರಿಕದ ಕಿನ್ಸೆ ಸಂಸ್ಥೆಯವರು ಆ ವಸಂತದಲ್ಲಿ 1,559 ಜನರನ್ನು ಕೇಳಿದಾಗ, ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮಿದ್ದರೂ, ಅರ್ಧಕ್ಕೆ ಹತ್ತಿರದಷ್ಟು ಜನ ತಮ್ಮ ಲೈಂಗಿಕ ಬದುಕಿನ ಸುಖ ಕಡಿಮೆಯಾಯಿತು ಎಂದರು. ಆಗ ನಿಮಗೂ ಹಾಗೆನಿಸಿದ್ದರೆ ಅದು ಕಾಯಿಲೆಯಲ್ಲ. ಹೆದರಿದ ಮೈ ಹಾಗೆಯೇ ಇರುತ್ತದೆ.

ಹಾಗಾದರೆ ಯಾರಿಗೂ ತೊಂದರೆಯಾಗಲಿಲ್ಲವೇ? ಆಯಿತು. ಮೊನ್ನೆಮೊನ್ನೆ ಮದುವೆಯಾದವರಿಗೆ, ಒಂದೇ ಮಗುವಿದ್ದು ಇನ್ನೊಂದಕ್ಕೆ ಎರಡು ವರ್ಷ ತಡೆಯೋಣ ಎಂದುಕೊಂಡವರಿಗೆ, ‘ಈ ಬೇಸಿಗೆಯಲ್ಲಿ ಆಪರೇಷನ್ ಮಾಡಿಸಿಬಿಡೋಣ’ ಎಂದು ದಿನ ನೋಡುತ್ತಿದ್ದವರಿಗೆ. ನಿಮ್ಮ ಪ್ರಶ್ನೆಯಲ್ಲಿ ಇವರ ಸುದ್ದಿಯೇ ಇಲ್ಲ. ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಇವರ ವಿಷಯವನ್ನೇ.

ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’ ಎಂಬ ಇಂಜೆಕ್ಷನ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಗರ್ಭ ತಡೆಯಬಹುದು ಎಂಬ ಕಾರಣಕ್ಕೆ ಹಳ್ಳಿ ಹೆಂಗಸರಿಗೆ ಇದು ಅನುಕೂಲ. ಮಾತ್ರೆಯ ಹಾಳೆ ಬಚ್ಚಿಡಬೇಕಾಗಿಲ್ಲ, ವಂಕಿಯಂತೆ ಒಳಗೆ ಏನೋ ಕೂತಿದೆ ಎಂಬ ಅಳುಕಿಲ್ಲ. ಅದಕ್ಕೊಂದು ಕಾರ್ಡು ಕೊಡುತ್ತಾರೆ, ಮುಂದಿನ ಸೂಜಿಯ ದಿನ ಅದರಲ್ಲಿ ಬರೆದಿರುತ್ತದೆ. ಈಗ ಮಗ್ಗೆ ಕಡೆಯದೋ ಕೆಂಚಮ್ಮನ ಹೊಸಕೋಟೆ ಕಡೆಯದೋ ಒಂದು ಹಳ್ಳಿಯಲ್ಲಿ, 2020ರ ಹೊಸ ವರ್ಷದ ದಿನ ಈ ಸೂಜಿ ಹಾಕಿಸಿಕೊಂಡ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಮುಂದಿನ ದಿನ ಏಪ್ರಿಲ್ ಮೊದಲ ವಾರ. ಮಾರ್ಚ್ 25ಕ್ಕೆ ದೇಶ ಮುಚ್ಚಿತು. ಸೂಜಿಗೆ ನಾಲ್ಕು ವಾರದವರೆಗೆ ತಡವಾದರೂ ಪರವಾಗಿಲ್ಲ ಎಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅಂದರೆ ಏಪ್ರಿಲ್ ಕೊನೆಯವರೆಗೆ ಅವಳಿಗೆ ಗಡುವು. ಕೆಎಸ್‌ಆರ್‌ಟಿಸಿ ಬಸ್ಸು ರಾಜ್ಯದಾದ್ಯಂತ ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ನಡುವಿನ ಆ ಮೂರು ವಾರ ಅವಳಿಗೆ ಖಾತ್ರಿಯ ರಕ್ಷಣೆ ಇಲ್ಲ, ಗಂಡ ಮಾತ್ರ ಮನೆಯಲ್ಲೇ ಇದ್ದಾನೆ.

ಗಂಡನ ಬೈಕಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಆ ಗಂಡನಿಗೆ, ಅದಕ್ಕಿಂತ ಹೆಚ್ಚಾಗಿ ಅತ್ತೆಗೆ, ಸೂಜಿಯ ವಿಷಯ ಗೊತ್ತಿಲ್ಲದಿದ್ದರೆ? ಗೊತ್ತಿದ್ದರೂ ಚೆಕ್‌ಪೋಸ್ಟಿನಲ್ಲಿ ಬೈಕು ನಿಲ್ಲಿಸಿ ‘ಎಲ್ಲಿಗೆ? ಯಾತಕ್ಕೆ?’ ಎಂದು ಕೇಳಿದರೆ ಏನು ಹೇಳುವುದು? ಸಕ್ಕರೆ ಕಾಯಿಲೆ ಮಾತ್ರೆ ಎಂದು ಎದೆ ತಟ್ಟಿ ಹೇಳಬಹುದು, ಇದನ್ನು ಹೇಳಲಾಗುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಈ ಸೂಜಿ ಬಿಟ್ಟ ಕೂಡಲೇ ಎಲ್ಲರಿಗೂ ಗರ್ಭ ನಿಲ್ಲುವುದಿಲ್ಲ, ಕೊನೆಯ ಸೂಜಿಯಿಂದ ಏಳೆಂಟು ತಿಂಗಳಾದರೂ ಹಿಡಿಯುವುದುಂಟು. ಆದರೆ ಮುಟ್ಟು ಏರುಪೇರಾಗುತ್ತದೆ. ತಿಂಗಳಾದರೂ ಹೊರಗಾಗಿಲ್ಲ ಎಂದರೆ ಬಸಿರೋ, ಸೂಜಿಯ ಪ್ರಭಾವವೋ ತಿಳಿಯದೆ, ಪರೀಕ್ಷೆಯ ಕಿಟ್ ತರಲು ಮೆಡಿಕಲ್ ಶಾಪಿಗೂ ಹೋಗಲಾರದೆ ಅವಳು ಒಳಗೊಳಗೇ ಕುದಿಯಬೇಕು. ಗರ್ಭ ನಿಲ್ಲದೆಯೂ ಅನುಭವಿಸುವ ಈ ಪಾಡು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ಸಾಮಾನ್ಯ ದಿನಗಳಲ್ಲಿ ಇಂಥ ಹೊತ್ತಿಗೆ ಆಶಾ ಕಾರ್ಯಕರ್ತೆ ಇರುತ್ತಾಳೆ. ಅವಳ ಬ್ಯಾಗಿನಲ್ಲಿ ನಿರೋಧ್, ಮಾಲಾ-ಎನ್, ವಾರದ ‘ಛಾಯಾ’ ಮಾತ್ರೆ, ತುರ್ತಿನ ಮಾತ್ರೆ ಇರುತ್ತವೆ. ಹಿತ್ತಿಲ ಕಡೆಯಿಂದ ಬಂದು, ಎರಡು ಮಾತಾಡಿ, ಸೆರಗಿನೊಳಗೆ ಕೊಟ್ಟು ಹೋಗುತ್ತಾಳೆ. 2020ರಲ್ಲಿ ಅವಳನ್ನು ಕೊರೊನಾ ಸರ್ವೆಗೆ ಹಚ್ಚಿದರು. ಯಾರು ಹೊರಗಿಂದ ಬಂದರು, ಯಾರಿಗೆ ಕೆಮ್ಮು, ಯಾರ ಕೈ ಮೇಲೆ ಕ್ವಾರಂಟೈನ್ ಸೀಲ್ ಇದೆ, ಇದನ್ನೇ ಬರೆದುಕೊಳ್ಳುತ್ತ ಅವಳು ಮನೆಬಾಗಿಲಲ್ಲೇ ನಿಲ್ಲುವ ಹಾಗಾಯಿತು. ಬಾಗಿಲಲ್ಲಿ ಎಲ್ಲರ ಎದುರು ನಿರೋಧ್ ಕೇಳುವ ಸೊಸೆ ಯಾವ ಊರಲ್ಲಿದ್ದಾಳೆ? ಆಶಾಳನ್ನು ‘ಕೊರೊನಾ ವಾರಿಯರ್’ ಎಂದು ಹೊಗಳಿ ಚಪ್ಪಾಳೆ ತಟ್ಟಿದ್ದಷ್ಟೇ. ಆ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ, ಸರಿಯಾದ ಮಾಸ್ಕು, ಗ್ಲೌಸು ಕೊಡಿ ಎಂದು ಮುಷ್ಕರ ಕೂರಬೇಕಾಯಿತು. ಆಲೂರಿನ ಒಳಹಳ್ಳಿಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯ ಬೇರೆ. ಹಗಲೆಲ್ಲ ಸರ್ವೆ ಮುಗಿಸಿದವಳು ಸಂಜೆ ಮೇಲೆ ಯಾರ ಮನೆಗೂ ಹೋಗುವಂತಿರಲಿಲ್ಲ.

ಸರ್ಕಾರ ಈ ಸೇವೆಗಳನ್ನು ಕಾಗದದಲ್ಲಿ ಮರೆತಿರಲಿಲ್ಲ ಎನ್ನುವುದನ್ನೂ ಹೇಳಬೇಕು. 2020ರ ಏಪ್ರಿಲ್ 14ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಸೂಚನೆಯಲ್ಲಿ ಹೆರಿಗೆ, ಕುಟುಂಬ ಯೋಜನೆ, ಸುರಕ್ಷಿತ ಗರ್ಭಪಾತ ಎಲ್ಲವೂ ಅಗತ್ಯ ಸೇವೆಗಳ ಪಟ್ಟಿಯಲ್ಲಿದ್ದವು. ಆದರೆ ಸಂತಾನಹರಣದ ಕ್ಯಾಂಪುಗಳು ನಿಂತವು, ವಂಕಿ ಹಾಕುವುದನ್ನು ಹಲವು ಕಡೆ ಮುಂದಕ್ಕೆ ಹಾಕಿದರು, ಆಸ್ಪತ್ರೆ ಎಂದರೆ ಕೊರೊನಾ ಅಂಟುವ ಜಾಗ ಎಂದು ಜನರೂ ಹೆದರಿದರು. ಐಪಾಸ್ ಡೆವಲಪ್‌ಮೆಂಟ್ ಫೌಂಡೇಶನ್ ಮಾಡಿದ ಅಂದಾಜಿನ ಪ್ರಕಾರ, ಮೊದಲ ಮೂರು ತಿಂಗಳಲ್ಲಿ ದೇಶದಲ್ಲಿ ಗರ್ಭ ತೆಗೆಸಬೇಕೆಂದಿದ್ದ ಸುಮಾರು 18.5 ಲಕ್ಷ ಹೆಂಗಸರಿಗೆ ಹೊತ್ತಿಗೆ ಸರಿಯಾಗಿ ಅದು ಸಿಗಲಿಲ್ಲ ಅಥವಾ ಅಡ್ಡಿಯಾಯಿತು. ಬೇಡದ ಬಸಿರಿಗೆ ಕಾಯುವ ವ್ಯವಧಾನ ಇಲ್ಲ. ಮಾತ್ರೆಯಲ್ಲಿ ಮುಗಿಯುವುದಕ್ಕೆ ಒಂಬತ್ತು ವಾರದ ಗಡಿ. ಅದು ದಾಟಿದರೆ ಆಸ್ಪತ್ರೆಯ ಮಂಚ ಬೇಕು, ಆ ಮಂಚ ಆಲೂರು ಬಿಟ್ಟರೆ ಹಾಸನದಲ್ಲಿ. ಇದೇ ಹೊತ್ತಲ್ಲಿ ಮೇ 4ಕ್ಕೆ ಮದ್ಯದಂಗಡಿ ತೆರೆದದ್ದು ನಿಮಗೆ ನೆನಪಿರಬಹುದು. ಮಾರನೆಯ ದಿನ ಒಂದೇ ದಿನಕ್ಕೆ ರಾಜ್ಯದಲ್ಲಿ 197 ಕೋಟಿ ರೂಪಾಯಿಯ ವ್ಯಾಪಾರ ಆಯಿತು. ಬಸ್ಸಿಗೆ ಇನ್ನೂ ಹದಿನೈದು ದಿನ ಬಾಕಿ ಇತ್ತು. ಯಾವುದು ತುರ್ತು ಎಂದು ನಾವು ತೀರ್ಮಾನಿಸಿದ್ದೆವು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನಮ್ಮ ನಾಡಿಗೆ ಈ ವಿಷಯದಲ್ಲಿ ಇಷ್ಟು ಸಂಕೋಚ ಇರಬೇಕಾಗಿಯೂ ಇರಲಿಲ್ಲ. ಹಾಸನ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1930ರಲ್ಲಿ, ಅಲ್ಲಿಯ ಸರ್ಕಾರ ತನ್ನ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಜಗತ್ತಿನಲ್ಲೇ ಸರ್ಕಾರವೊಂದು ಹೀಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ ನಮ್ಮ ಅಮ್ಮಂದಿರ ಕಾಲಕ್ಕೇ ಬಂದ ಪುಸ್ತಕ. ಕೇಳಬಾರದು ಎಂಬ ಮರ್ಯಾದೆಯನ್ನು ನಾವು ಆಮೇಲೆ ಬೆಳೆಸಿಕೊಂಡೆವೇನೋ.

ಅಂದಾಜುಗಳ ಬಗ್ಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, ಲಾಕ್‌ಡೌನ್ ಆರು ತಿಂಗಳು ಮುಂದುವರಿದರೆ ಜಗತ್ತಿನಲ್ಲಿ 70 ಲಕ್ಷ ಬೇಡದ ಬಸಿರುಗಳಾಗುತ್ತವೆ ಎಂದಿತ್ತು. ವರ್ಷದ ನಂತರ ಅದೇ ಸಂಸ್ಥೆ 115 ದೇಶಗಳ ಲೆಕ್ಕ ನೋಡಿ 14 ಲಕ್ಷ ಎಂದಿತು. ಸೇವೆ ತಪ್ಪಿದ್ದು ಸರಾಸರಿ 3.6 ತಿಂಗಳು. ಹೆದರಿಸಿದ್ದಕ್ಕಿಂತ ಕಡಿಮೆಯಾಯಿತು, ಯಾಕೆಂದರೆ ಅನೇಕ ಕಡೆ ಆರೋಗ್ಯ ಕಾರ್ಯಕರ್ತೆಯರು ಹೇಗೋ ದಾರಿ ಮಾಡಿಕೊಂಡರು. ಆದರೂ 14 ಲಕ್ಷ ಎಂದರೆ 14 ಲಕ್ಷ ಮನೆ.

ಇನ್ನು ನಿಮ್ಮ ಸಂಕೋಚದ ಪ್ರಶ್ನೆ. ಇದಕ್ಕೆ ಉತ್ತರ ಚಿಕ್ಕದು. ಕೊರೊನಾ ಹರಡಿದ್ದು ಉಸಿರಿನಿಂದ, ಎಂಜಲಿನ ಹನಿಯಿಂದ. ಸಿಫಿಲಿಸ್, ಗೊನೋರಿಯಾ, ಎಚ್‌ಐವಿಯ ಹಾಗೆ ಅದು ಲೈಂಗಿಕ ರೋಗವಲ್ಲ. ಚೀನಾದ ಶಾಂಗ್‌ಚಿಯು ಎಂಬ ಊರಿನಲ್ಲಿ 38 ಗಂಡಸರ ವೀರ್ಯ ಪರೀಕ್ಷೆ ಮಾಡಿದಾಗ 6 ಮಂದಿಯಲ್ಲಿ ವೈರಸ್ಸಿನ ಕುರುಹು ಸಿಕ್ಕಿತ್ತು, 2020ರ ಮೇ ತಿಂಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ನಂತರದ ಬಹುಪಾಲು ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಆದರೆ ಒಂದೇ ದಿಂಬಿಗೆ ತಲೆಯಿಟ್ಟು ಮುಖಕ್ಕೆ ಮುಖ ಕೊಟ್ಟಿರುವಾಗ ಉಸಿರು ತಾಗದೆ ಇರುತ್ತದೆಯೇ? ಸೇರಿದ್ದರಿಂದ ಹರಡಲಿಲ್ಲ, ಹತ್ತಿರ ಇದ್ದದ್ದರಿಂದ ಹರಡಿತು. ನಿರೋಧ್ ಅದನ್ನು ತಡೆಯುತ್ತಿರಲಿಲ್ಲ. ಜ್ವರ, ಕೆಮ್ಮು ಇದ್ದಷ್ಟು ದಿನ ಬೇರೆ ಮಲಗುವುದೊಂದೇ ದಾರಿಯಾಗಿತ್ತು. ಇಷ್ಟು ಮಾತನ್ನು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2020ರ ಮಾರ್ಚಿನಲ್ಲೇ ಬರಹದಲ್ಲಿ ಕೊಟ್ಟಿತು, ಒಬ್ಬರೇ ಇದ್ದು ತಮ್ಮ ಕೈಯಿಂದಲೇ ಸುಖ ಕಂಡುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ ಎಂದೂ ಮುಚ್ಚುಮರೆಯಿಲ್ಲದೆ ಬರೆಯಿತು. ನೆದರ್‌ಲೆಂಡ್ಸ್ ಸರ್ಕಾರ ಒಂಟಿಯಾಗಿರುವವರು ಒಬ್ಬರೊಂದಿಗೆ ಮಾತ್ರ ಸೇರುವಂತೆ ಮಾತು ಮಾಡಿಕೊಳ್ಳಿ ಎಂದಿತು. ನಮಗೆ ಫೋನ್ ಎತ್ತಿದರೆ ಕೇಳಿಸುತ್ತಿದ್ದದ್ದು ಕೆಮ್ಮಿನ ಕಾಲರ್ ಟ್ಯೂನು. ಅದರಲ್ಲಿ ಕೈ ತೊಳೆಯುವುದಿತ್ತು, ಮಾಸ್ಕಿತ್ತು, ಇದೊಂದಿರಲಿಲ್ಲ.

ಕೇಳುವವರಿಲ್ಲದ ಕಡೆ ವಾಟ್ಸಾಪ್ ಹೇಳುತ್ತದೆ. ‘ಲಸಿಕೆ ಹಾಕಿಸಿಕೊಂಡ್ರೆ ಗಂಡಸ್ತನ ಹೋಗುತ್ತೆ, ಹೆಂಗಸರಿಗೆ ಮಕ್ಕಳಾಗಲ್ಲ’ ಎಂಬ ಮಾತು ಲಸಿಕೆಗಿಂತ ಮುಂಚೆ ಹಳ್ಳಿ ತಲುಪಿತ್ತು. 2021ರ ಜನವರಿ 3ರಂದು ಲಸಿಕೆಗೆ ಅನುಮತಿ ಘೋಷಿಸಿದ ದಿನವೇ ದೇಶದ ಔಷಧ ನಿಯಂತ್ರಕ ವಿ.ಜಿ. ಸೋಮಾನಿ ಅದು ಶುದ್ಧ ಸುಳ್ಳು ಎಂದು ಹೇಳಬೇಕಾಗಿ ಬಂತು. ಬಾಸ್ಟನ್ ವಿಶ್ವವಿದ್ಯಾಲಯದವರು ಮಗುವಿಗಾಗಿ ಪ್ರಯತ್ನಿಸುತ್ತಿದ್ದ 2,126 ಹೆಂಗಸರನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ. ಗಂಡನಾಗಲಿ ಹೆಂಡತಿಯಾಗಲಿ ಲಸಿಕೆ ಹಾಕಿಸಿಕೊಂಡದ್ದರಿಂದ ಗರ್ಭ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗಂಡನಿಗೆ ಕೊರೊನಾ ಬಂದು ಎರಡು ತಿಂಗಳೊಳಗೆ ಇದ್ದಾಗ. ಅದೂ ತಾತ್ಕಾಲಿಕ. ಅಂದರೆ ಗಂಡಸ್ತನದ ಹೆದರಿಕೆಯಿಂದ ಲಸಿಕೆ ತಪ್ಪಿಸಿಕೊಂಡವರು ಸ್ವಲ್ಪ ಕಾಲ ಅದಕ್ಕೇ ಪೆಟ್ಟು ಕೊಡಬಲ್ಲ ಕಾಯಿಲೆಗೆ ಬಾಗಿಲು ತೆರೆದಿಟ್ಟರು. ಹೆಂಗಸರಲ್ಲಿ ಲಸಿಕೆಯ ನಂತರ ಮುಟ್ಟು ಒಂದು ದಿನಕ್ಕೂ ಕಡಿಮೆ ಹಿಂದೆಮುಂದೆ ಆದದ್ದು ನಿಜ, ಅಮೆರಿಕದ ಅಧ್ಯಯನದಲ್ಲಿ ಅದು ದಾಖಲಾಗಿದೆ, ಮುಂದಿನ ತಿಂಗಳುಗಳಲ್ಲಿ ಸರಿಹೋಯಿತು. ಕೊರೊನಾ ಬಂದು ಹೋದ ಮೇಲೆ ನಿಮಿರುವಿಕೆಯ ತೊಂದರೆ ಇದ್ದ ಗಂಡಸರೂ ಇದ್ದಾರೆ. ಸುಸ್ತು, ಚಿಂತೆ, ರಕ್ತನಾಳದ ಮೇಲಿನ ಪೆಟ್ಟು ಮೂರೂ ಕಾರಣವಾಗಬಹುದು. ಈಗಲೂ ಹಾಗಿದ್ದರೆ ಬಸ್‌ಸ್ಟ್ಯಾಂಡಿನ ಗೋಡೆ ಮೇಲಿನ ‘ಗುಪ್ತರೋಗ’ದ ಪೋಸ್ಟರಿನ ನಂಬರಿಗೆ ಫೋನ್ ಮಾಡಬೇಡಿ. ಸಕ್ಕರೆ, ಬಿಪಿ ಪರೀಕ್ಷಿಸಬಲ್ಲ ಎಂಬಿಬಿಎಸ್ ಡಾಕ್ಟರನ್ನು ಕಾಣಿ.

ಇನ್ನಿಬ್ಬರ ಮಾತು ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಒಬ್ಬರು ಎಚ್‌ಐವಿ ಇದ್ದು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಕರ್ನಾಟಕ ಒಂದು ಕಾಲಕ್ಕೆ ದೇಶದಲ್ಲಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಒಂದು. ಈ ಮಾತ್ರೆ ಒಂದು ದಿನವೂ ತಪ್ಪಬಾರದು. ಹಾಸನಕ್ಕೆ ಹೋಗಿ ತಿಂಗಳ ಮಾತ್ರೆ ತರುತ್ತಿದ್ದವರಿಗೆ ಚೆಕ್‌ಪೋಸ್ಟಿನ ‘ಯಾತಕ್ಕೆ?’ ಎಂಬ ಪ್ರಶ್ನೆ ಇಡೀ ಬದುಕನ್ನೇ ಬಯಲಿಗಿಡುವಂಥದ್ದು. ಎಚ್‌ಐವಿ ವಿಷಯವನ್ನು ಬಲವಂತವಾಗಿ ಹೇಳಿಸುವಂತಿಲ್ಲ ಎಂದು 2017ರ ಕಾಯ್ದೆಯೇ ಇದೆ, ಆದರೆ ಬಿಸಿಲಲ್ಲಿ ನಿಂತ ಪೇದೆಯ ಮುಂದೆ ಕಾಯ್ದೆ ಓದುವವರಾರು? ಇಲ್ಲಿ ಮಾತ್ರ ವ್ಯವಸ್ಥೆ ಬುದ್ಧಿ ಉಪಯೋಗಿಸಿತು. ಮೂರು ತಿಂಗಳವರೆಗಿನ ಮಾತ್ರೆ ಒಟ್ಟಿಗೇ ಕೊಡಿ ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನಾಕೋ) ಸೂಚಿಸಿತು. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಸಂಘ. ಇಂಥ ಸಂಘಗಳವರು ಮಾತ್ರೆಗಳನ್ನು ಜನರಿದ್ದಲ್ಲಿಗೇ ಮುಟ್ಟಿಸಿದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗುರುತಿನ ಚೀಟಿ ಕೇಳದೆ ಲೈಂಗಿಕ ಕಾರ್ಯಕರ್ತೆಯರಿಗೆ ರೇಷನ್ ಕೊಡಿ ಎಂದಿತು. ಎಚ್‌ಐವಿಯವರಿಗೆ ಮೂರು ತಿಂಗಳ ಮಾತ್ರೆ ಕೊಡಲು ಸಾಧ್ಯವಾದ ಮೇಲೆ, ಛಾಯಾ ಮಾತ್ರೆಯನ್ನೂ ನಿರೋಧ್‌ಅನ್ನೂ ಹಾಗೆ ಕೊಡಲು ಏನು ಅಡ್ಡಿ ಇತ್ತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಬ್ಬಳು, ಬೇಡ ಎಂದರೂ ಕೇಳದ ಗಂಡನೊಂದಿಗೆ ದಿನದ ಇಪ್ಪತ್ನಾಲ್ಕು ಗಂಟೆ ಒಂದೇ ಸೂರಿನಡಿ ಸಿಕ್ಕಿಕೊಂಡವಳು. ತವರಿಗೆ ಹೋಗುವ ಬಸ್ಸೂ ಇಲ್ಲ, ಫೋನು ಗಂಡನ ಕೈಯಲ್ಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಗಂಡನೆಂಬ ಕಾರಣಕ್ಕೆ ಅತ್ಯಾಚಾರದ ಆರೋಪದಿಂದ ಬಿಡುವಂತಿಲ್ಲ ಎಂದು ಒಂದು ಪ್ರಕರಣದಲ್ಲಿ ಹೇಳಿತು, ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಕಾನೂನಿನ ಜಗ್ಗಾಟ ಇರಲಿ. 181 ಎಂಬ ಮಹಿಳಾ ಸಹಾಯವಾಣಿ ಇದೆ, ನಂಬರನ್ನು ಮನೆಯ ಹೆಂಗಸರಿಗೆ ಬಾಯಿಪಾಠ ಮಾಡಿಸಿ.

ಮತ್ತೆ ಬಂದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಮುಂದಿನದು ಕೊರೊನಾದಂತೆಯೇ ಇರಬೇಕೆಂದಿಲ್ಲ. ಎಂಪಾಕ್ಸ್ ಎಂಬ ಕಾಯಿಲೆ ಮೈಗೆ ಮೈ ತಾಗಿ, ಅದರಲ್ಲೂ ಲೈಂಗಿಕ ಸಂಪರ್ಕದಲ್ಲಿ ಹೆಚ್ಚಾಗಿ ಹರಡಿತು. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದವರೊಬ್ಬರಲ್ಲಿ ಅದು ಪತ್ತೆಯೂ ಆಯಿತು. ಆಲೂರಿನ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ಆ ಮಂಗಳೂರಿಗೇ ಹೋಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು, ಈ ಹೊಸ ಕಾಯಿಲೆ ಯಾವ ದಾರಿಯಿಂದ ಅಂಟುತ್ತದೆ ಎಂದು. ಅದನ್ನು ಡಾಕ್ಟರನ್ನೇ ಕೇಳಿ, ನಾಚಿಕೆ ಬಿಟ್ಟು ಕೇಳಿ. ರಾಜ್ಯದ 104 ಆರೋಗ್ಯವಾಣಿಗೆ ಹೆಸರು ಹೇಳದೆಯೂ ಕೇಳಬಹುದು, ಎಚ್‌ಐವಿ ಮತ್ತು ಲೈಂಗಿಕ ರೋಗಗಳ ಬಗ್ಗೆ 1097ಕ್ಕೆ ಕೇಳಬಹುದು. ಗರ್ಭ ತಡೆಯುವ ಯಾವುದನ್ನೇ ಬಳಸುತ್ತಿದ್ದರೂ ಮನೆಯಲ್ಲಿ ಮೂರು ತಿಂಗಳಿಗಾಗುವಷ್ಟು ಇರಲಿ. ಅಂತರಾ ಹಾಕಿಸಿಕೊಳ್ಳುವವರು ದಿನ ತಪ್ಪುವ ಸೂಚನೆ ಕಂಡರೆ ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಬಹುದು, ಮಾರ್ಗಸೂಚಿ ಅದಕ್ಕೂ ಅವಕಾಶ ಕೊಟ್ಟಿದೆ. ನಿರೋಧ್ ಹರಿದರೆ ತುರ್ತಿನ ಮಾತ್ರೆ 72 ಗಂಟೆಯೊಳಗೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಬೇಡದ ಬಸಿರಾದರೆ ನಾಟಿ ಮದ್ದಿಗೆ ಹೋಗಬೇಡಿ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಒಪ್ಪಿಗೆ ಸಾಕು, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೂ ಕಾನೂನು ಅವಕಾಶ ಕೊಡುತ್ತದೆ. ಮದುವೆಯಾಗದ ಹೆಂಗಸಿಗೂ ಅದೇ ಹಕ್ಕು ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

ಊರಿಗೆ ಸಂಬಂಧಿಸಿದ್ದು ಒಂದಿದೆ, ಅದು ನಿಮ್ಮಂಥವರ ಕೈಲಿ ಆಗುವ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ರಸ್ತೆ ಮುಚ್ಚಿದರೆ ಈ ಸೂಜಿ, ಮಾತ್ರೆ, ನಿರೋಧ್ ನಮ್ಮ ಉಪಕೇಂದ್ರದಲ್ಲೇ ಸಿಗುವ ಹಾಗೆ ಮಾಡಿ ಎಂದು ಬರೆಸಿ. ನಗುವವರು ನಗಲಿ, ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಸಾಕು.

ಮತ್ತೆ, ಮಕ್ಕಳು ಸಾಕು ಎಂದು ನೀವಿಬ್ಬರೂ ತೀರ್ಮಾನಿಸಿದ್ದರೆ, ಈ ಸಲ ಹೆಂಡತಿಯನ್ನು ಕ್ಯಾಂಪಿಗೆ ಕಳಿಸಬೇಡಿ. ಗಂಡಸರಿಗೆ ಎನ್‌ಎಸ್‌ವಿ ಎಂಬ ಆಪರೇಷನ್ ಇದೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ಕೆಲವೇ ನಿಮಿಷದಲ್ಲಿ ಮುಗಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಷ್ಟೇ. ಗಂಡಸ್ತನಕ್ಕೆ ಏನೂ ಆಗುವುದಿಲ್ಲ. ಆಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಮಾಡದಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ.